ಕಣತಲೆಯ ಕಪ್ಪು ಉಂಗುರ

ಮಾರ್ಚ್ 3, ಬೆಳಿಗ್ಗೆ 7
ಬ್ರಷ್ ತೊಳೆದಾಯಿತು. ಔಷಧಿ ಅಂಗಡಿಯ ಬೋರ್ಡಿನಲ್ಲಿ ಇನ್ನೆರಡು ಅಕ್ಷರ ಬಾಕಿ. ತಲೆ ಬಾಚಲಾಗಲಿಲ್ಲ, ಬಲ ಕಣತಲೆ ಮುಟ್ಟಿದರೆ ಉರಿ. ಅಗಿದರೆ ದವಡೆ ನೋವು. ನಿನ್ನೆ ಏಣಿಯ ಮೇಲಿದ್ದಾಗ ಬಲಗಣ್ಣಿಗೆ ಪರದೆ ಇಳಿದಂತಾಯಿತು. ಒಂದೇ ನಿಮಿಷ. ತಂಗಿಗೆ ಹೇಳಬಾರದಿತ್ತು — ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ, ಆಸ್ಪತ್ರೆಗಂತೆ.

ಅದೇ ದಿನ, ಸಂಜೆ
ಡಾಕ್ಟರಮ್ಮ ಕಣತಲೆಗೆ ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ತೆರೆಯ ಮೇಲೆ ರಕ್ತನಾಳ, ಸುತ್ತ ಕಪ್ಪು ಉಂಗುರ.
"ನಾಳದ ಗೋಡೆ ಊದ್ಕೊಂಡಿದೆ ಅಮ್ಮ. ಹೀಗೇ ಬಿಟ್ರೆ ಕಣ್ಣಿಗೆ ರಕ್ತ ಹೋಗಲ್ಲ. ಹೋದ ದೃಷ್ಟಿ ವಾಪಸ್ ಬರಲ್ಲ."
ಇವತ್ತಿನಿಂದಲೇ ಸ್ಟೀರಾಯ್ಡ್. ದಿನಕ್ಕೆ ನಾಲ್ಕು ಗುಳಿಗೆ. ಉಂಗುರ ತೆಳುವಾಗುತ್ತಿದೆಯೇ ಎಂದು ಆಗಾಗ ಸ್ಕ್ಯಾನ್.
ನಲವತ್ತು ವರ್ಷ ಬೋರ್ಡು ಬರೆದು ಬದುಕಿದವಳು. ಕಣ್ಣು ಬಿಟ್ಟುಕೊಡುವುದಿಲ್ಲ.

ಮಾರ್ಚ್ 25
ಎರಡನೇ ಸ್ಕ್ಯಾನ್. ಉಂಗುರ ಅರ್ಧಕ್ಕಿಳಿದಿದೆ. ಗುಳಿಗೆ ಮೂರಾಯಿತು. ನೋವಿಲ್ಲ. ಮುಖ ಮಾತ್ರ ಊದಿ ಕುಂಬಳಕಾಯಿ. "ಕನ್ನಡಿ ದೊಡ್ಡದು ತರ್ಬೇಕಕ್ಕ" ಅಂದಳು ತಂಗಿ. ನಕ್ಕೆವು.
ಆದರೆ ಕೈ ನಡುಗುತ್ತಿದೆ. ‘ಶ’ ಸೊಟ್ಟಗಾಯಿತು. ಒರೆಸಿ ಬರೆದೆ. ಮತ್ತೂ ಸೊಟ್ಟ.

ಏಪ್ರಿಲ್ 2
ಶಾಲೆಯವರು ಬಂದಿದ್ದರು. ಉದ್ದ ಗೋಡೆಯ ತುಂಬ ಅಕ್ಷರಮಾಲೆ ಬರೆಯಬೇಕಂತೆ. ಈ ಕೈಯಲ್ಲಿ?
ನಡುಕ ಗುಳಿಗೆಯಿಂದಲೇ ಇರಬೇಕು. ಇವತ್ತಿನಿಂದ ಮೂರರ ಬದಲು ದಿನಕ್ಕೆ ಒಂದೇ. ಯಾರಿಗೂ ಹೇಳಿಲ್ಲ.

ಏಪ್ರಿಲ್ 22
ಮೂರನೇ ಸ್ಕ್ಯಾನ್. ರಕ್ತಪರೀಕ್ಷೆ ಚೆನ್ನಾಗಿತ್ತು, ಗೆದ್ದೆ ಅಂದುಕೊಂಡಿದ್ದೆ. ಉಂಗುರ ಮತ್ತೆ ದಪ್ಪ. ಎಡಗಡೆಯೂ ಒಂದು.
"ಗುಳಿಗೆ ತಪ್ಪಿಸಿದ್ರಾ ಅಮ್ಮ?"
"ಇಲ್ಲ."
ಡಾಕ್ಟರಮ್ಮ ತೆರೆಯನ್ನು ನನ್ನತ್ತ ತಿರುಗಿಸಿದರು. ತಂಗಿಯೂ ನೋಡುತ್ತಿದ್ದಳು. ನಾಚಿಕೆಯಾಯಿತು. ಎಲ್ಲ ಹೇಳಿದೆ — ಕೈ, ಗೋಡೆ, ಒಂದು ಗುಳಿಗೆ...
"ನಡುಕದ ವಿಷ್ಯ ಮೊದ್ಲೇ ಹೇಳ್ಬೇಕಿತ್ತು. ಇನ್ನೊಂದು ಔಷಧಿ ಸೇರಿಸ್ತೀನಿ. ಅದು ಕೆಲ್ಸ ಮಾಡ್ತಿದ್ದ ಹಾಗೆ ಸ್ಟೀರಾಯ್ಡ್ ಇಳಿಸೋಣ. ಸ್ಕ್ಯಾನ್ ನೋಡಿ ಇಳಿಸೋದು ನಾನು, ನೀವಲ್ಲ."
ಮನೆಯ ಬೀಗ ತೆಗೆಯುತ್ತ ತಂಗಿ ಹೇಳಿದಳು: "ಕಣ್ಣು ಹೋದ್ರೆ ಕೈ ಹಿಡಿದು ನಡೆಸೋಳು ನಾನು. ನನ್ನನ್ನೂ ಒಂದು ಮಾತು ಕೇಳ್ಬೇಕಿತ್ತು."


ಏಪ್ರಿಲ್ 23
ನಾಲ್ಕು ಗುಳಿಗೆ. ಡಾಕ್ಟರಮ್ಮ ಮತ್ತೆ ಏರಿಸಿದ್ದು. ತಂಗಿಯ ಎದುರಿಗೇ ನುಂಗಿದೆ.
ಗೋಡೆಗೆ ಕೋಲು ಊರಿ, ಅದರ ಮೇಲೆ ಮಣಿಕಟ್ಟು ಇಟ್ಟು ಬರೆದು ನೋಡಿದೆ. ಸಣ್ಣ ಅಕ್ಷರ ಆಗದು. ದೊಡ್ಡದು ಆಗುತ್ತದೆ. ಶಾಲೆಗೆ ಫೋನ್ ಮಾಡಿದೆ: ಬರೆಯುತ್ತೇನೆ, ಮೂರು ತಿಂಗಳು ಕಾಯಿರಿ.

ಜುಲೈ 18
ಎಡಗಡೆ ಉಂಗುರವೇ ಇಲ್ಲ. ಬಲಗಡೆ ಕೂದಲೆಳೆಯಷ್ಟು. ನಾನೇ ಕೇಳಿಕೊಂಡು ತೆರೆ ನೋಡಿದೆ, ಬಹಳ ಹೊತ್ತು. ಗುಳಿಗೆ ಒಂದೂವರೆಗೆ ಇಳಿಯಿತು. ನಡುಕ ಇದೆ, ಆದರೆ ಮಾತು ಕೇಳುತ್ತದೆ.

ಜುಲೈ 19, ಬೆಳಿಗ್ಗೆ 6
ಇವತ್ತು ಶಾಲೆಯ ಗೋಡೆ. ಏಣಿ ಹಿಡಿಯುವವಳು ತಂಗಿಯೇ ಅಂತೆ. "ಬಿದ್ರೆ ನನ್ನ ಮೇಲೇ ಬೀಳ್ತೀಯ, ನೋಡ್ಕೊಂಡು ಹತ್ತು" ಅನ್ನುತ್ತಾಳೆ. ಮೊದಲು ‘ಅ’, ಆಳೆತ್ತರ. ಬಣ್ಣ ಕಲಸಿಟ್ಟಿದ್ದೇನೆ. ಅದು ಕೆನೆ ಕಟ್ಟುವ ಮುಂಚೆ ಹೊರಡಬೇಕು.