ಹಾಯಿಯ ಇನ್ನೊಂದು ತುದಿ

ಅಕ್ಕಾ,

'ಗಾಳಿ ಬಂದಾಗ ತೂರಿಕೋ' ಎಂದು ನೀನೇ ನನ್ನನ್ನು ಈ ಹಾಯಿದೋಣಿಯ ಕೆಲಸಕ್ಕೆ ಅಟ್ಟಿದೆಯಲ್ಲ, ಇಲ್ಲಿ ದೋಣಿ ನಡೆಸಲು ಕಲಿಸುವ ಮುದುಕ ಹೇಳುವುದೇ ಬೇರೆ: "ಗಾಳಿ ಬಂದ್ರೆ ಮೊದ್ಲು ಹಾಯಿ ಮಡಚಮ್ಮ."

ನಿನ್ನೆ ಒಬ್ಬಳೇ ದೋಣಿ ಒಯ್ದಿದ್ದೆ, ಗಾಳಿ ಜೋರಾಯಿತು. ದೊಡ್ಡ ಹಾಯಿಯನ್ನು ಸ್ವಲ್ಪ ಇಳಿಸಿ, ಸಡಿಲಾದ ಬಟ್ಟೆಯನ್ನು ಮಡಚಿ ಅಡ್ಡಗಂಬಕ್ಕೆ ಕಟ್ಟಬೇಕು. ಇಲ್ಲದಿದ್ದರೆ ದೋಣಿ ಮಗುಚುತ್ತದೆ. ನಾವಿಬ್ಬರೂ ಹೊದಿಕೆ ಮಡಚುತ್ತಿದ್ದ ಹಾಗೆ ನನ್ನ ತುದಿ ಹಿಡಿದು, "ಅಕ್ಕಾ, ಆ ತುದಿ ಹಿಡ್ಕೊಳ್ಳೇ, ಎಷ್ಟೊತ್ತು!" ಎಂದು ಗದರಿಬಿಟ್ಟೆ. ಸುತ್ತ ಬರೀ ನೀರು. ಕೊನೆಗೆ ಹಗ್ಗವನ್ನು ಹಲ್ಲಲ್ಲಿ ಕಚ್ಚಿಕೊಂಡು ಕಟ್ಟಿ ಮುಗಿಸಿದೆ.

ಅಂಗೈ ಸುಲಿದಿದೆ, ಮುಲಾಮು ಹಚ್ಚಿದ್ದೇನೆ; ಅಕ್ಷರ ಸೊಟ್ಟಗಿರುವುದು ಅದಕ್ಕೇ. ಊಟ ಸೇರುತ್ತಿದೆ.

ಕಾಗದದಲ್ಲಿ ಜಾಗ ಮುಗಿಯಿತು. ನಿಜ ಹೇಳು, ಮನೆಯಲ್ಲಿ ಹೊದಿಕೆಯ ನನ್ನ ತುದಿ ಈಗ ಯಾರು ಹಿಡಿಯುತ್ತಾರೆ?

ನಿನ್ನ ಜಗಳಗಂಟಿ