ಫೈಬರ್ ಕಾರಿನ ತಗಡು ಮಡ್‌ಗಾರ್ಡ್

ಪ್ರೀತಿಯ ಮಾವ,

ನೀವು ಹೋಗಿ ಮೂರು ವರ್ಷವಾಯಿತು. ಇಷ್ಟು ದಿನ ನಿಮ್ಮ ಮೇಲೆ ಸಿಟ್ಟಿತ್ತು, ಅದಕ್ಕೇ ಬರೆಯಲಿಲ್ಲ. ಸತ್ತವರ ಮೇಲೆ ಎಂಥ ಸಿಟ್ಟು ಎನ್ನುತ್ತೀರಾ? ಇತ್ತು, ಅಷ್ಟೇ.

ನಮ್ಮಿಬ್ಬರಿಗೂ ಕೆಲಸ ಕೊಟ್ಟಿದ್ದ ಸೇಠರ ಆ ಕೆಂಪು ಕಾರು ಸೂರತ್ತಿನ ಅಡಾಜಣ್ ಬಡಾವಣೆಯ ಅವರ ಶೆಡ್ಡಿಗೆ ಬಂದ ದಿನ ನೆನಪಿದೆಯೇ? ಯಾವುದೋ ಸಂಸ್ಥಾನಿಕರ ಲಾಯದಲ್ಲಿ ಕೋಳಿಗಳ ಜೊತೆ ಕೊಳೆಯುತ್ತಿದ್ದ ಅಮೆರಿಕದ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಎಡಗಡೆ ಸ್ಟಿಯರಿಂಗ್, ಮುಂದಿನ ಬಲ ಮಡ್‌ಗಾರ್ಡೇ ಇಲ್ಲ. ನೀವೋ, ಕುಂದಾಪುರದಿಂದ ಸೂರತ್ತಿನ ಹೋಟೆಲಿಗೆ ಹಿಟ್ಟು ರುಬ್ಬಲು ಬಂದು, ಪಕ್ಕದ ಗ್ಯಾರೇಜಿನಲ್ಲಿ ಟಿಂಕರಿಂಗ್ ಕಲಿತು ಹೆಸರು ಮಾಡಿದವರು, ಸೋದರಳಿಯ ನನಗೂ ಅದನ್ನೇ ಕಲಿಸಿದವರು. ಬಾನೆಟ್ಟನ್ನು ಬೆರಳಿನಿಂದ ತಟ್ಟಿದಿರಿ, ಮುಖ ಸಣ್ಣದಾಯಿತು. ಇಡೀ ಮೈ ಫೈಬರ್. ತಗಡು ಬಡಿಯುವ ಕೈಗೆ ಅಲ್ಲಿ ಕೆಲಸವೇ ಇರಲಿಲ್ಲ. ಇದು ನನಗೆ ಬರುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಏನು ಹೋಗುತ್ತಿತ್ತು ಮಾವ?

ಹೇಳಲಿಲ್ಲ. ಹನ್ನೊಂದು ದಿನ ಶೆಡ್ಡಿನ ಬಾಗಿಲು ಹಾಕಿಕೊಂಡು ತಗಡಿನಲ್ಲೇ ಮಡ್‌ಗಾರ್ಡ್ ಬಡಿದು, ಫೈಬರಿಗೆ ರಿವೆಟ್ ಹೊಡೆದು, ಮೇಲೆ ಪುಟ್ಟಿ ಎಳೆದು ಬಣ್ಣ ಹಾಕಿದಿರಿ. ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಎಲ್ಲ ಅಮೆರಿಕದ್ದೇ ಎಂದು ಸೇಠರು ಬಂದವರಿಗೆಲ್ಲ ತೋರಿಸಿದರು, ನೀವು ನಕ್ಕು ಬಣ್ಣದ ಕೈ ಒರೆಸಿಕೊಂಡಿರಿ. ಆಸ್ಪತ್ರೆಯ ಮಂಚದಲ್ಲಿ ನನ್ನ ಕೈ ಹಿಡಿದು, "ಮಾಣಿ, ಅದ್ ತಗಡ್ ಅಂದೇಳಿ ಯಾರಿಗೂ ಹೇಳೂಕಾಗ. ನಾ ಹೋದ್ ಮೇಲೂ ಹೇಳೂಕಾಗ" ಎಂದಿರಿ. ನಾನು ತಲೆಯಾಡಿಸಿದೆ. ಅಲ್ಲಿಗೆ ಸಿಕ್ಕಿಬಿದ್ದೆ.

ಮೊದಲ ಬೇಸಿಗೆಗೇ ಬಿರುಕು ಬಂತು. ಬಿಸಿಲಿಗೆ ತಗಡು ಹಿಗ್ಗುವುದೇ ಒಂದು ಲೆಕ್ಕ, ಫೈಬರ್ ಹಿಗ್ಗುವುದೇ ಇನ್ನೊಂದು. ಸೇರಿಸಿದ ಕಡೆ ಬಣ್ಣದಲ್ಲಿ ಗೆರೆ. ಯಾರೂ ಇಲ್ಲದಾಗ ಉಜ್ಜಿ, ಪುಟ್ಟಿ ತುಂಬಿ, ಬಣ್ಣ ಹಾಕಿದೆ. ಎರಡು ತಿಂಗಳಿಗೆ ಮತ್ತೆ ಗೆರೆ. ಬೇರೆ ಮೆಕ್ಯಾನಿಕ್ ಒಬ್ಬ ಕೈಯಿಟ್ಟರೆ ನಿಮ್ಮ ಹೆಸರು ಹೋಗುತ್ತಿತ್ತು. ಹಾಗಾಗಿ ಆ ಕಾರನ್ನು ಬಿಟ್ಟು ನಾನು ಎಲ್ಲಿಗೂ ಹೋಗುವಂತಿರಲಿಲ್ಲ. ಪ್ಲೇಗ್ ಬಂದು ಅರ್ಧ ಸೂರತ್ ರೈಲು ಹತ್ತಿದಾಗ ಸೇಠರ ಮನೆಯವರೆಲ್ಲ ಓಡಿದರು. ನಾನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಶೆಡ್ಡಿನಲ್ಲೇ ಕುಳಿತಿದ್ದೆ. ಯಾರಿಗೋಸ್ಕರ?

ಹೆಂಡತಿ ಶೈಲ, ಕಾರು ಬಿಟ್ಟು ಬಾರದ ನನ್ನಿಂದ ಬೇಸತ್ತು, ಮಗಳನ್ನು ಕರೆದುಕೊಂಡು ವಡೋದರಾದ ಅಣ್ಣನ ಮನೆಗೆ ಹೋಗಿ ಎರಡು ವರ್ಷವಾಗಿತ್ತು. ಭಾವ ರೈಲ್ವೆಯವರು, ಮನೆ ಹತ್ತಿರವೇ ನನ್ನ ಗ್ಯಾರೇಜಿಗೆಂದು ಜಾಗವನ್ನೂ ನೋಡಿದ್ದರು. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಾಗಲೆಲ್ಲ ಮಗಳದ್ದು ಒಂದೇ ಪ್ರಶ್ನೆ, ಅದೂ ಗುಜರಾತಿಯಲ್ಲಿ, "ಪಪ್ಪಾ, ತಮೆ ಕ್ಯಾರೆ ಆವಶೋ?" ಯಾವಾಗ ಬರುತ್ತೀರಿ ಎಂದರೆ ಏನು ಹೇಳಲಿ? ಅಜ್ಜನ ಮಡ್‌ಗಾರ್ಡಿಗೆ ಬಣ್ಣ ಹಾಕಿ ಬರುತ್ತೇನೆ ಎನ್ನಲೇ? ಒಂದೊಂದು ಸಲ ಅದಕ್ಕೆ ಸುತ್ತಿಗೆಯಿಂದ ಒಂದು ಬಿಡಬೇಕು ಅನ್ನಿಸುತ್ತಿತ್ತು...

ಹೋದ ವಾರ ಮುಂಬಯಿಯಿಂದ ಹಳೆ ಕಾರು ಸಂಗ್ರಹಿಸುವ ಮುದುಕರೊಬ್ಬರು ಬಂದರು. ಕಾರು ಕೊಳ್ಳುವವರಿದ್ದರು. ಅವರು ಒಯ್ದುಬಿಟ್ಟರೆ ನನಗೆ ಬಿಡುಗಡೆ, ನಿಮ್ಮ ಗುಟ್ಟೂ ಅದರ ಜೊತೆಗೇ ಹೋಗುತ್ತದೆ ಎಂದು ದೇವರಿಗೆ ಕೈಮುಗಿದಿದ್ದೆ. ಮುದುಕರು ಜೇಬಿನಿಂದ ಅಯಸ್ಕಾಂತ ತೆಗೆದು, ಬಣ್ಣಕ್ಕೆ ಗೀರು ಬೀಳದಂತೆ ಕರವಸ್ತ್ರದಲ್ಲಿ ಸುತ್ತಿ, ಬಾಗಿಲಿಗೆ ಇಟ್ಟರು, ಬಾನೆಟ್ಟಿಗೆ ಇಟ್ಟರು. ಹಿಡಿಯಲಿಲ್ಲ. ಬಲ ಮಡ್‌ಗಾರ್ಡಿಗೆ ಇಟ್ಟು ಕೈ ಬಿಟ್ಟರು. ಅದು ಅಲ್ಲೇ ನಿಂತಿತು.

ಸೇಠರು ನನ್ನತ್ತ ತಿರುಗಿದರು. "ಯೇ ಕಿಸ್ನೇ ಕಿಯಾ?"

ಇದನ್ನು ಮಾಡಿದ್ದು ಯಾರು ಎಂದು ಯಾರಾದರೂ ಕೇಳಿದರೆ ನಾನೇ ಎನ್ನಬೇಕೆಂದು ಮೂರು ವರ್ಷದಿಂದ ಬಾಯಿಪಾಠ ಮಾಡಿದ್ದೆ. ನಾನೇ ಎಂದಿದ್ದರೆ, ಸರಿ ಮಾಡಿ ಕೊಡುವ ತನಕ ಸೇಠರು ಬಿಡುತ್ತಿರಲಿಲ್ಲ. ಫೈಬರ್ ಕೆಲಸ ನನಗೂ ಬರುವುದಿಲ್ಲ. ಇನ್ನೆಷ್ಟು ವರ್ಷ ಆ ಶೆಡ್ಡು? ಮಗಳ ದನಿ ಕಿವಿಯಲ್ಲಿತ್ತು. ನಿಮ್ಮ ಹೆಸರು ಹೇಳಿಬಿಟ್ಟೆ ಮಾವ. ಸ್ಪಷ್ಟವಾಗಿ, ಎರಡು ಸಲ ಹೇಳಿದೆ. ಸೇಠರು ಶೆಡ್ಡಿನ ಕೀಲಿಗಾಗಿ ಕೈ ಚಾಚಿದರು ಅಷ್ಟೇ. ಮಾರನೆಯ ದಿನ ವಡೋದರಾದ ರೈಲು ಹತ್ತಿದೆ. ನಿಮ್ಮನ್ನು ಹಿಡಿದುಕೊಟ್ಟು ನಾನು ಹೊರಗೆ ಬಂದೆ. ಹಗುರವೂ ಆಯಿತು, ನಾಚಿಕೆಯೂ ಆಯಿತು. ಎರಡನ್ನೂ ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ?

ನಾಳೆ ಇಲ್ಲಿಯ ನನ್ನ ಹೊಸ ಗ್ಯಾರೇಜಿಗೆ ಬೋರ್ಡು ಬರೆಯುವವನು ಬರುತ್ತಾನೆ. ನಿಮ್ಮ ಹೆಸರೇ ಬರೆಸುತ್ತೇನೆ. ಅವರು ಯಾರು ಎಂದು ಕೇಳಿದವರಿಗೆ, ಈ ಕೆಲಸ ಕಲಿಸಿದ ನನ್ನ ಸೋದರಮಾವ ಎನ್ನುತ್ತೇನೆ. ಫೈಬರ್ ಕಾರಿಗೆ ತಗಡು ಹಾಕಿದ್ದನ್ನೂ ಹೇಳುತ್ತೇನೆ. ಇನ್ನು ಯಾವುದನ್ನೂ ಮುಚ್ಚಿಡುವುದು ನನ್ನಿಂದಾಗದು. ಬೈಯುವುದಿದ್ದರೆ ಬಂದು ಬೈಯಿರಿ ಮಾವ, ಎದುರಿಗೆ ನಿಂತು ಕೇಳುತ್ತೇನೆ.

ನಿಮ್ಮ ಮಾಣಿ