ನಾಲ್ಕನೇ ಮೂಲೆಯ ರೊಟ್ಟಿ ಚೂರು

ರಂಗಂಪೇಟೆ, ಸುರಪುರ
ಶುಕ್ರವಾರ, ೧೪ ನವೆಂಬರ್ ೨೦೨೫

ಪ್ರೀತಿಯ ಅಮ್ಮೀ,

ಅಸ್ಸಲಾಮು ಅಲೈಕುಮ್. ಮೊಣಕಾಲು ನೋವು ಹೇಗಿದೆ? ಗುಲ್ನಾಜ್ ಭಾಭಿಯ ಮನೆಯ ಮೆಟ್ಟಿಲು ಎತ್ತರ, ಗೋಡೆ ಹಿಡಿದು ಇಳಿಯಿರಿ. ನೋವಿನ ಎಣ್ಣೆಯ ಬಾಟಲಿ ಇಲ್ಲೇ ಬಿಟ್ಟು ಹೋಗಿದ್ದೀರಿ. ಸೊಸೆಯ ಮೇಲೆ ಸಿಟ್ಟಾಗಿ ಹೊರಟವರಿಗೆ ಎಣ್ಣೆ ಎಲ್ಲಿ ನೆನಪಾಗಬೇಕು! ನಿಮ್ಮ ಕಿರಿಯ ಮಗ ಚೆನ್ನಾಗಿದ್ದಾರೆ, ನಾನೂ ಚೆನ್ನಾಗಿದ್ದೇನೆ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಾಲ್ಕನೇ ಇಯತ್ತೆಯವರೆಗೆ ಕನ್ನಡ ಶಾಲೆಗೆ ಹೋದವರು ನೀವು, ಓದಲು ಬರಲಿಲ್ಲ ಎಂದು ನನಗೆ ಹೇಳಬೇಡಿ.

ಮೊದಲೇ ಹೇಳಿಬಿಡುತ್ತೇನೆ: ಫೋನಿನ ರೂಮ್ ಮುಚ್ಚಿಲ್ಲ. ಮುಚ್ಚುವುದೂ ಇಲ್ಲ. "ಅದನ್ನ ಬಂದ್ ಮಾಡು, ಇಲ್ಲಾಂದ್ರ ನಾ ಯಾದಗಿರಿಗಿ ಹೊಂಟೆ ನೋಡ್" ಎಂದು ನೀವು ಚೀಲ ಎತ್ತಿಕೊಂಡು ಇವತ್ತಿಗೆ ಇಪ್ಪತ್ತೆರಡು ದಿನ. ಅಲ್ಲಿಂದೀಚೆಗೆ ಮೂರು ಗುರುವಾರ ಕಳೆದಿವೆ. ಮೂರೂ ಗುರುವಾರ ಮಧ್ಯಾಹ್ನ ಮೂರಕ್ಕೆ ಚಾಪೆ ಹಾಸಿ, ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು, ಊರೂರಿನ ಹೆಂಗಸರೊಂದಿಗೆ ಮಾತಾಡುತ್ತ ಕೌದಿ ಹೊಲಿದಿದ್ದೇನೆ.

ಫೋನಿನ ನಮ್ಮ ಕೌದಿ ಬಳಗದಲ್ಲಿ ಎರಡು ವರ್ಷ ಬರೀ ಫೋಟೋ ಹಾಕಿದ್ದೇ ಹಾಕಿದ್ದು. ಮೂರು ದಿನ ಬಿಟ್ಟು ಯಾರೋ 'ಚೆಂದ' ಎನ್ನುತ್ತಿದ್ದರು, ಅಷ್ಟೇ. ಸೂಜಿ ಕೈಯಲ್ಲಿರುವಾಗ ಹುಟ್ಟುವ ಪ್ರಶ್ನೆಯನ್ನು ಯಾರಿಗೆ ಕೇಳಬೇಕು? ಅದಕ್ಕೇ ಲೈವ್ ಚಾಟ್ ರೂಮ್ ಶುರು ಮಾಡಿದೆ. ಮೊದಲ ದಿನ ಅಷ್ಟೊಂದು ದನಿ ಕೇಳಿ ನೀವು ಹನ್ನೆರಡು ಕಪ್ ಚಹಾ ಹಿಡಿದು ಬಂದಿರಿ, ಚಾಪೆಯ ಮೇಲೆ ನಾನೊಬ್ಬಳೇ! "ಮುಖಾನ ಇಲ್ಲದ ಮಂದಿಗಿ ಚಾ ಹೆಂಗ ಕೊಡ್ಲಿ?" ಎಂದು ಬೈದಿರಿ. ಆ ಚಹಾವನ್ನು ನಾವಿಬ್ಬರೂ ಸಂಜೆಯವರೆಗೆ ಕಾಯಿಸಿ ಕಾಯಿಸಿ ಕುಡಿದೆವು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಎರಡನೇ ವಾರ ಹಣಮೇಶ ಮಾತಾಡಿದ.

ಗಂಡಸಿನ ದನಿ ಮನೆಯೊಳಗೆ ಬಂತು ಎಂದಿರಿ. ಹೌದು, ಬಂತು. ಅವನು ಬಳಿಚಕ್ರ ಊರಿನ ದರ್ಜಿ. ತೀರಿಹೋದ ಅವ್ವ ಅರ್ಧಕ್ಕೆ ಬಿಟ್ಟ ಕೌದಿಯನ್ನು ಮುಗಿಸಲು ಕೂತವನು. "ಅಕ್ಕಾರ, ಹಳೀ ಸೀರಿ ಮ್ಯಾಲ ಹೊಲಿಗಿ ನಿಲ್ಲವಲ್ದು, ಏನ್ ಮಾಡ್ಲಿರಿ?" ಎಂದು ಕೇಳಿದ, ಅಷ್ಟೇ. ಇದಕ್ಕೆ ಅವನನ್ನು ಹೊರಗೆ ಹಾಕಲೇ? ಹಾಕುವುದಿಲ್ಲ. ಬಾಗಿಲಲ್ಲಿ ಬಳೆಗಾರನೊಂದಿಗೆ ನೀವು ಅರ್ಧ ಗಂಟೆ ಚೌಕಾಸಿ ಮಾಡುವಾಗ ಅದು ಗಂಡಸಿನ ದನಿಯಲ್ಲವೇ? ತಪ್ಪು ತಿಳಿಯಬೇಡಿ, ತಿಳಿದರೂ ತಿಳಿಯಿರಿ, ನನ್ನ ಮಾತು ಅದೇ. ನಿಮ್ಮ ಮಗನೂ ಒಮ್ಮೆ "ಬಿಟ್ಟುಬಿಡು, ಅಮ್ಮಿ ಬರ್ತಾರ" ಎಂದರು. ರೂಮ್ ಮುಚ್ಚಿದರೆ ಬರುವ ಅಮ್ಮಿ ನನಗೆ ಬೇಡ, ರೂಮ್ ಇದ್ದರೂ ಬರುವ ಅಮ್ಮಿ ಬೇಕು ಎಂದೆ.

ಆದರೆ ಮನೆ ಬಣಗುಟ್ಟುತ್ತಿದೆ, ಅದನ್ನೂ ಮುಚ್ಚಿಡುವುದಿಲ್ಲ. ಅಬ್ಬಾ ತೀರಿಕೊಂಡ ಮೇಲೆ ಅವರ ಲುಂಗಿಗಳನ್ನು ಕತ್ತರಿಸಿ ನೀವು ಶುರು ಮಾಡಿದ ಕೌದಿ ಹಾಗೆಯೇ ಇದೆ. ಮೂರು ಮೂಲೆ ನೀವೇ ಮುಚ್ಚಿದ್ದೀರಿ, ಒಂದೊಂದರೊಳಗೂ ಜೋಳದ ರೊಟ್ಟಿಯ ಚೂರಿಟ್ಟು, "ಕೌದಿ ಉಪಾಸ ಮಕ್ಕೋಬಾರ್ದವ್ವ" ಎಂದು ನನಗೆ ಹೇಳಿಕೊಡುತ್ತ. ನಾಲ್ಕನೆಯದು ಬಾಯಿ ತೆರೆದುಕೊಂಡೇ ಇದೆ. ಅದನ್ನು ನಾನು ಮುಟ್ಟುವುದಿಲ್ಲ.

ನಿಮ್ಮ ಹಿರಿಯ ಮಗ ಯೂನುಸ ಭಾಯಿಗೂ ಭಾಭಿಗೂ ಸಲಾಂ ತಿಳಿಸಿ. ನಿಮ್ಮ ದುವಾ ಸಿಟ್ಟಿನದಾದರೂ ಸರಿ, ನನ್ನ ತಲೆಯ ಮೇಲಿರಲಿ.

ಮಾತು ಕೇಳದ ಸೊಸೆ,
ಅಲ್ಮಾಸ

ತಾ.ಕ.: ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿನ್ನೆ ರೂಮಿನಲ್ಲಿ ತಿಂಥಣಿಯ ರೇಣಮ್ಮ ಕೊನೆಯ ಮೂಲೆ ಮುಚ್ಚುವುದು ಹೇಗೆಂದು ಕೇಳಿದಳು. "ಏನಿಲ್ರಿ, ಗಂಟ ಹಾಕಿ ದಾರ ಕತ್ತರಸ್ರಿ" ಎಂದೆ. ತಕ್ಷಣ ಒಂದು ದನಿ "ಹುಚ್ಚಿ, ಹಂಗಲ್ಲ! ಮೊದಲ ರೊಟ್ಟಿ ಚೂರು ಇಡಬೇಕು!" ಎಂದು ಗದರಿ ಮಾಯವಾಯಿತು. ಫೋನಿನಲ್ಲಿ ಕಂಡ ಹೆಸರು ಗುಲ್ನಾಜ್ ಭಾಭಿಯದು. ಭಾಭಿಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ! ಮೂರು ವಾರದಿಂದ ಆ ಹೆಸರು ಮೂರಕ್ಕೆ ಸರಿಯಾಗಿ ಬಂದು, ಐದರವರೆಗೆ ತುಟಿ ಬಿಚ್ಚದೆ ಕೂರುವುದನ್ನು ನೋಡುತ್ತಲೇ ಇದ್ದೆ ಅಮ್ಮೀ. ಬೇಕೆಂದೇ ತಪ್ಪು ಹೇಳಿದೆ. ಯಾರವರು ಎಂದು ಎಲ್ಲರೂ ಕೇಳಿದರು. "ನಮ್ಮತ್ತಿ ಖಾಸಿಂಬೀ, ನನಗ ಹೊಲಿಗಿ ಕಲಿಸಿದವರು" ಎಂದೆ. ಮುಂದಿನ ಗುರುವಾರ ಇದಕ್ಕಿಂತ ದೊಡ್ಡ ತಪ್ಪು ಹೇಳುವವಳಿದ್ದೇನೆ. ಕೇಳಿ ಸುಮ್ಮನಿರಲು ಆಗದಿದ್ದರೆ ಶಹಾಪುರದ ಮೇಲೆ ಬರುವ ಬೆಳಗಿನ ಬಸ್ಸು ಹತ್ತಿ. ರೊಟ್ಟಿ ಬಡಿದಿಟ್ಟಿರುತ್ತೇನೆ.